ಯಾರು ಹೇಳಿದರು ಎಂದು ಬರೆಯಿರಿ

ಪ್ರಿಯ ಲೇಖಕಿಯವರಿಗೆ,

ನಮಸ್ಕಾರ. ಇಂಗ್ಲೆಂಡಿನ ಸಫೊಕ್ ಸೀಮೆಯ ಬ್ಲೈತ್‌ಬರೋ ಎಂಬ ಹಳ್ಳಿಯ ಹೋಲಿ ಟ್ರಿನಿಟಿ ಚರ್ಚ್ ಕುರಿತು ನೀವು ಕಳುಹಿಸಿದ ಬರಹವೂ ಒಂಬತ್ತು ಫೋಟೋಗಳೂ ತಲುಪಿವೆ. ಭಾಷೆ ಶುದ್ಧವಾಗಿದೆ. ನದಿಯ ಜೌಗು ನೆಲದಾಚೆ, ಮಂಜಿನ ನಡುವೆ ಚರ್ಚ್ ಮೊದಲ ಸಲ ಕಂಡ ಗಳಿಗೆಯನ್ನು ಚೆನ್ನಾಗಿ ಹಿಡಿದಿದ್ದೀರಿ. ಆದರೂ ಬರಹವನ್ನು ಹೀಗೆಯೇ ಅಚ್ಚಿಗೆ ಕೊಡಲಾರೆ. ಮುಖ್ಯ ಕಾರಣ ಒಂದು ಪದ.

‘ಎನ್ನಲಾಗುತ್ತದೆ.’ ಆರು ಪುಟಗಳಲ್ಲಿ ಇದು ಹದಿನಾಲ್ಕು ಸಲ ಬಂದಿದೆ. ಪ್ರತಿಯೊಂದಕ್ಕೂ ಕೆಂಪು ಪೆನ್ಸಿಲ್ಲಿನಲ್ಲಿ ಗೆರೆ ಎಳೆದಿದ್ದೇನೆ. ಈ ಪದ ಕಂಡರೆ ನನಗೆ ಸಿಟ್ಟು ಬರುತ್ತದೆ, ಮುಚ್ಚಿಡುವುದಿಲ್ಲ. ಅನ್ನುವವರು ಯಾರು? ಊರಿನವರೇ, ಪಾದ್ರಿಯೇ, ಬಾಗಿಲ ಬಳಿ ಮಾರುವ ಕಿರುಹೊತ್ತಗೆಯೇ? ಓದುಗನಿಗೆ ಅದು ಗೊತ್ತಾಗದಂತೆ ಈ ಪದ ಬಾಗಿಲು ಹಾಕಿಬಿಡುತ್ತದೆ. ಬರೆದವರಿಗೂ ಹುಡುಕುವ ಕೆಲಸ ತಪ್ಪುತ್ತದೆ.

ಮೂರನೆಯ ಪುಟಕ್ಕೆ ಬನ್ನಿ. ‘ಕ್ರಾಮ್‌ವೆಲ್‌ನ ಸೈನಿಕರು ಚಾವಣಿಯ ದೇವದೂತರ ಮೇಲೆ ಗುಂಡಿನ ಮಳೆಗರೆದರು ಎನ್ನಲಾಗುತ್ತದೆ. ಮತಾಂಧತೆಯ ಆ ಗಾಯಗಳು ಇಂದಿಗೂ ಮರದ ರೆಕ್ಕೆಗಳಲ್ಲಿ ಮೂಕವಾಗಿ ರೋದಿಸುತ್ತಿವೆ.’

ಇದನ್ನು ಓದಿದ ಮೇಲೆ ಎರಡು ರಾತ್ರಿ ಈ ಚರ್ಚಿನ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. 1644ರ ಏಪ್ರಿಲ್‌ನಲ್ಲಿ ವಿಲಿಯಂ ಡೌಸಿಂಗ್ ಎಂಬಾತ ಅಲ್ಲಿಗೆ ಬಂದದ್ದು ನಿಜ. ಅವನೂ ಸಫೊಕ್‌ನವನೇ. ಚರ್ಚುಗಳಲ್ಲಿನ ಚಿತ್ರ, ವಿಗ್ರಹ, ಹಳೆಯ ಪ್ರಾರ್ಥನೆಯ ಬರಹಗಳನ್ನು ತೆಗೆಸಲು ಆಗ ರಾಜನ ವಿರುದ್ಧ ಯುದ್ಧ ನಡೆಸುತ್ತಿದ್ದ, ಕ್ರಾಮ್‌ವೆಲ್ ಸೇರಿದ್ದ ಸಂಸತ್ತಿನ ಪಕ್ಷದವರು ನೇಮಿಸಿದ್ದ ಮನುಷ್ಯ. ಹೋದ ಊರು, ಒಡೆಸಿದ ವಸ್ತು, ಎಲ್ಲವನ್ನೂ ದಿನಚರಿಯಲ್ಲಿ ಬರೆದಿಡುತ್ತಿದ್ದ. ಬ್ಲೈತ್‌ಬರೋದಲ್ಲಿ ಇನ್ನೂರಕ್ಕೂ ಹೆಚ್ಚು ಚಿತ್ರಗಳನ್ನು ಎಂಟು ದಿನದೊಳಗೆ ತೆಗೆಯಬೇಕೆಂದು ಆಜ್ಞೆ ಮಾಡಿದ್ದನ್ನೂ ಬರೆದಿದ್ದಾನೆ. ತಾನು ಒಡೆಸಿದ್ದನ್ನು ಹೆಮ್ಮೆಯಿಂದ ಎಣಿಸುತ್ತಿದ್ದ ಮನುಷ್ಯ ಅವನು. ಆದರೆ ದೇವದೂತರಿಗೆ ಗುಂಡು ಹೊಡೆಸಿದೆ ಎಂಬ ಮಾತು ಅಲ್ಲಿ ಇಲ್ಲ.

ಹಾಗಾದರೆ ತೂತು ಮಾಡಿದವರು ಯಾರು? 1970ರ ದಶಕದಲ್ಲಿ ಚಾವಣಿಯನ್ನು ದುರಸ್ತಿ ಮಾಡುವಾಗ ಮರದಲ್ಲಿ ಹುದುಗಿದ್ದ ಸೀಸದ ಚಿಲ್ಲುಗಳು ಸಿಕ್ಕವು. ಅವು 18ನೇ ಶತಮಾನದವು, ಡೌಸಿಂಗ್ ಬಂದುಹೋಗಿ ನೂರು ವರ್ಷದ ಈಚಿನವು. ಅದೇ ಶತಮಾನದ ಚರ್ಚಿನ ಲೆಕ್ಕದ ಪುಸ್ತಕದಲ್ಲಿ ಚಾವಣಿಯೊಳಗೆ ಸೇರಿಕೊಂಡಿದ್ದ ಜಾಕ್‌ಡಾ ಹಕ್ಕಿಗಳನ್ನು ಹೊಡೆದವರಿಗೆ ಹಣ ಕೊಟ್ಟ ದಾಖಲೆ ಇದೆ. ಜಾಕ್‌ಡಾ ಎಂದರೆ ಕಾಗೆಯ ಜಾತಿಯ ಸಣ್ಣ ಹಕ್ಕಿ. ಎತ್ತರದ ಕಟ್ಟಡಗಳ ಸಂದುಗೊಂದುಗಳಲ್ಲಿ ಗೂಡು ಕಟ್ಟುತ್ತದೆ.

ನೋಡಿ, ನಿಮ್ಮ ಕೈಯಿಂದ ಎಂಥ ಕಥೆ ಜಾರಿಹೋಯಿತು! ದೇವದೂತರಿಗೆ ಹೊಡೆದವರು ಹೊರಗಿನ ಸೈನಿಕರಲ್ಲ. ಅದೇ ಚರ್ಚಿಗೆ ಸೇರಿದ ಜನ ಕೂಲಿ ಕೊಟ್ಟು ಹೊಡೆಸಿದ್ದು, ದ್ವೇಷದಿಂದಲ್ಲ, ಹಕ್ಕಿಗಳ ಕಾಟ ತಾಳಲಾರದೆ. ತಲೆಯೆತ್ತಿ ಗುರಿಯಿಟ್ಟವನು ದೇವದೂತರ ಮುಖ ನೋಡಿದನೋ ಇಲ್ಲವೋ. ಅಂದಿನ ಖರ್ಚನ್ನು ಬರೆದಿಟ್ಟವರಿಗೆ ಅದೊಂದು ಸಾಮಾನ್ಯ ಖರ್ಚು. ನನಗೆ ಇದು ಸೈನಿಕರ ಕಥೆಗಿಂತ ಹೆಚ್ಚು ನೋವಿನದಾಗಿ ಕಾಣುತ್ತದೆ. ನೀವೋ ಅದರ ಮೇಲೆ ‘ಮೂಕವಾಗಿ ರೋದಿಸುತ್ತಿವೆ’ ಎಂಬ ಹೊದಿಕೆ ಹೊದಿಸಿ ಮುಂದೆ ಹೋಗಿದ್ದೀರಿ.

ನನಗೂ ಇದನ್ನು ಒಬ್ಬರು ಕಲಿಸಬೇಕಾಯಿತು. ಇಪ್ಪತ್ತಮೂರರ ವಯಸ್ಸಿನಲ್ಲಿ ಒಂದು ವಾರಪತ್ರಿಕೆಯಲ್ಲಿ ಕರಡು ತಿದ್ದುತ್ತಿದ್ದೆ. ನಮ್ಮ ಊರಿನ ಪಕ್ಕದ ಪಾಳುಕೋಟೆಯ ಮೇಲೆ ಲೇಖನ ಬರೆದು, ಹೆಬ್ಬಾಗಿಲ ಗೋಡೆಯ ತೂತುಗಳು ಫಿರಂಗಿ ಗುಂಡಿನವು ಎನ್ನಲಾಗುತ್ತದೆ ಎಂದು ಸೇರಿಸಿದ್ದೆ. ಹಿರಿಯ ಸಂಪಾದಕರು ಹಾಳೆಯನ್ನು ಮೇಜಿನ ಮೇಲಿಟ್ಟು ಕೇಳಿದ್ದು ಒಂದೇ ಮಾತು: ‘ತೂತಿನೊಳಗೆ ಕೈ ಹಾಕಿ ನೋಡಿದೆಯೇನಪ್ಪಾ?’ ಭಾನುವಾರ ಬಸ್ ಹತ್ತಿ ಹೋದೆ. ತೂತುಗಳು ಚೌಕವಾಗಿದ್ದವು. ಎಲ್ಲವೂ ಒಂದೇ ಎತ್ತರದಲ್ಲಿ, ಸಮ ಅಂತರದಲ್ಲಿ, ಮೊಣಕೈವರೆಗಿನ ಆಳಕ್ಕೆ. ಅಲ್ಲೇ ದನ ಮೇಯಿಸುತ್ತಿದ್ದ ಮುದುಕರೊಬ್ಬರು, ‘ತೊಲೆ ಕೂರಿಸಿದ ಜಾಗ ಅದು, ಇಲ್ಲೊಂದು ಮಾಡು ಇತ್ತು’ ಎಂದರು. ಬಾಲ್ಯದಿಂದ ನೂರು ಸಲ ಹಾದುಹೋಗಿದ್ದ ಗೋಡೆ ಅದು. ಲೇಖನವನ್ನು ಮೊದಲಿನಿಂದ ಬರೆದೆ. ಆ ಮುದುಕರ ಮಾತು ಅದರಲ್ಲಿ ಅವರ ಮಾತಾಗಿಯೇ ಅಚ್ಚಾಯಿತು.

ಇನ್ನೊಂದು ಸಾಲು ನನ್ನನ್ನು ಕಾಡಿತು. ‘ಇಲ್ಲಿಯ ಒಂದೊಂದು ಕಲ್ಲೂ ಒಂದೊಂದು ಕಥೆ ಹೇಳುತ್ತದೆ.’ ಹಳೇಬೀಡಿನ ಮೇಲೆ, ಹಂಪಿಯ ಮೇಲೆ ನಮ್ಮವರು ಬರೆದು ಬರೆದು ಸವೆಸಿದ ವಾಕ್ಯ ಇದು. ಅದನ್ನು ಹೊತ್ತುಕೊಂಡು ಸಫೊಕ್‌ಗೆ ಹೋಗಿದ್ದೀರಿ, ಆದರೆ ಅಲ್ಲಿ ಕಡೆಯಲು ಬರುವಂಥ ಒಳ್ಳೆಯ ಕಲ್ಲೇ ಸಿಗುವುದಿಲ್ಲ. ಸಿಗುವುದು ಹೊಲದಲ್ಲಿ ಆಯುವ ಚಕಮಕಿ ಕಲ್ಲು. ಅದನ್ನು ಕಡೆಯಲಾಗದು, ಒಡೆಯಬಹುದು. ಒಡೆದರೆ ಒಳಗೆ ಗಾಜಿನಂತೆ ಹೊಳೆಯುವ ಕಪ್ಪು. ಆ ಕಪ್ಪು ಮುಖವನ್ನು ಹೊರಗೆ ಮಾಡಿ, ಬೇರೆ ಸೀಮೆಯಿಂದ ತರಿಸಿದ ಬಿಳಿಯ ಸುಣ್ಣಕಲ್ಲಿನ ನಡುವೆ ಸಮತಟ್ಟಾಗಿ ಕೂರಿಸುವ ಕಸುಬನ್ನು ಅಲ್ಲಿಯವರು ಬೆಳೆಸಿದರು. ನಿಮ್ಮ ಎರಡನೆಯ ಫೋಟೋದಲ್ಲಿ, ಗೋಡೆಯ ಬುಡದಲ್ಲಿ ಅದು ಸ್ಪಷ್ಟವಾಗಿ ಕಾಣುತ್ತದೆ. ಬರಹದಲ್ಲಿ ಅದರ ಸುದ್ದಿಯೇ ಇಲ್ಲ! ಇಲ್ಲದ ಶಿಲ್ಪವನ್ನು ಹೊಗಳುವ ಬದಲು, ಕಲ್ಲಿಲ್ಲದ ನಾಡಿನ ಜನ ಏನು ಮಾಡಿದರು ಎಂದು ಬರೆಯಬೇಕಿತ್ತು. ಕೆತ್ತನೆಯ ಆಸೆಯನ್ನು ಅವರು ಮರದಲ್ಲಿ ತೀರಿಸಿಕೊಂಡಿದ್ದಾರೆ. ಚಾವಣಿಯಲ್ಲಿ ಬೆನ್ನಿಗೆ ಬೆನ್ನು ಕೊಟ್ಟು ರೆಕ್ಕೆ ಚಾಚಿದ ದೇವದೂತರಲ್ಲಿ ಈಗ ಹನ್ನೆರಡು ಮಂದಿ ಉಳಿದಿದ್ದಾರೆ. ಕೆಳಗೆ ಬೆಂಚುಗಳ ತುದಿಯಲ್ಲಿ ಹಾಸಿಗೆಯಿಂದ ಏಳದೆ ಕೂತಿರುವವನೊಬ್ಬನಿದ್ದಾನೆ, ಅವನು ಕ್ರೈಸ್ತರು ಹೇಳುವ ಏಳು ಪಾಪಗಳಲ್ಲಿ ಒಂದಾದ ಸೋಮಾರಿತನದ ಕೆತ್ತನೆ. ನಿಮ್ಮ ಆರನೆಯ ಫೋಟೋದಲ್ಲಿ ಅವನಿದ್ದಾನೆ, ಬರಹದಲ್ಲಿ ಇಲ್ಲ.

‘ಬೆಳಕಿನಿಂದ ತುಂಬಿದ ಭವ್ಯ ಒಳಾಂಗಣ’ ಎಂದಿದ್ದೀರಿ. ಬೆಳಕು ಎಲ್ಲಿಂದ ಬರುತ್ತದೆ? ನಡುಅಂಕಣದ ಗೋಡೆಯ ಮೇಲ್ಭಾಗದಲ್ಲಿ ಒಂದೊಂದು ಬದಿಗೆ ಹದಿನೆಂಟು ಕಿಟಕಿಗಳ ಸಾಲಿದೆ. 15ನೇ ಶತಮಾನದ ಇಂಗ್ಲಿಷ್ ಕಟ್ಟಡಗಾರರು ಗೋಡೆಯನ್ನು ತೆಳುವಾಗಿಸಿ ಕಿಟಕಿಗಳನ್ನು ಹೆಚ್ಚಿಸುತ್ತ ಹೋದರು. ‘ಭವ್ಯ’ವನ್ನು ಹೊಡೆದುಹಾಕಿ ‘ಹದಿನೆಂಟು’ ಎಂದು ಬರೆಯಿರಿ.

ಕೊನೆಯದಾಗಿ, ಕಪ್ಪು ನಾಯಿ. 1577ರ ಆಗಸ್ಟ್ 4ರಂದು, ಭಾನುವಾರದ ಪ್ರಾರ್ಥನೆಯ ಹೊತ್ತಿಗೆ ಬಿರುಗಾಳಿ ಸಿಡಿಲು ಬಂದು ಗೋಪುರದ ಶಿಖರ ಚಾವಣಿಯನ್ನು ಸೀಳಿ ಬಿತ್ತು. ಜೀವಹಾನಿಯೂ ಆಯಿತು. ಅದೇ ದಿನ ಬಂಗೇ ಊರಿನ ಚರ್ಚಿಗೂ ಸಿಡಿಲು ಬಡಿಯಿತು. ದೆವ್ವವೇ ಕಪ್ಪು ನಾಯಿಯ ರೂಪದಲ್ಲಿ ಬಂದಿತ್ತೆಂದು ಏಬ್ರಹಾಂ ಫ್ಲೆಮಿಂಗ್ ಎಂಬುವರು ಆಗಲೇ ಒಂದು ಕಿರುಹೊತ್ತಗೆ ಅಚ್ಚು ಹಾಕಿಸಿದರು. ಇಲ್ಲಿ ‘ಎನ್ನಲಾಗುತ್ತದೆ’ ಬೇಕಾಗಿಯೇ ಇಲ್ಲ, ಹೇಳಿದವರ ಹೆಸರೇ ಇದೆ. ನಾಯಿಯನ್ನು ಬಿಡಬೇಡಿ. ಆ ಕಥೆ ಹುಟ್ಟಿದ್ದು ಹೇಗೆ ಎಂಬುದರೊಡನೆ ತನ್ನಿ.

ನೀವು ಅದೇ ಸೀಮೆಯ ಇಪ್ಸ್‌ವಿಚ್‌ನಲ್ಲಿ ಇರುವುದರಿಂದ ಇನ್ನೊಮ್ಮೆ ಹೋಗಿಬರುವುದು ಕಷ್ಟವಾಗಲಾರದು. ನಾನು ಆ ಚರ್ಚನ್ನು ನೋಡಿಲ್ಲ, ನಿಮ್ಮ ಕಣ್ಣುಗಳಿಂದಲೇ ನೋಡಬೇಕು. ಉತ್ತರದ ಬಾಗಿಲ ಮೇಲೆ ನಾಯಿಯ ಉಗುರಿನವೆಂದು ತೋರಿಸುವ ಸುಟ್ಟ ಗುರುತುಗಳಿವೆಯಲ್ಲ, ಅವು ನೆಲದಿಂದ ಎಷ್ಟು ಎತ್ತರದಲ್ಲಿವೆ, ಎಷ್ಟು ಆಳವಾಗಿವೆ, ಬೆರಳಿಟ್ಟು ನೋಡಿ, ಅಳೆದು ಬರೆದು ಕಳುಹಿಸಿ.

ನಿಮ್ಮ,
ಸಂಪಾದಕ