ಬಾಜೂ ಮನಿಯವ್ರ ಸಿಸಿಟಿವಿ ನಮ್ಮ ಬಚ್ಚಲ ಕಡೆ ತಿರುಗೇತಿ, ಕಾನೂನಿನ್ಯಾಗ ಏನರ ಮಾಡಾಕ ಬರತೈತೇನ್ರಿ?

ಅಕ್ಕಾರ, ಪೊಲೀಸ್ರು 'ಅವರ ಗ್ವಾಡಿ, ಅವರ ಕ್ಯಾಮೆರಾ, ನಾವೇನ್ ಮಾಡೂಣು' ಅಂದು ಕಳಿಸ್ಯಾರ ಅಂತ ಬರದೀರಲ್ಲ, ಅದನ್ನ ಓದಿ ಭಾಳ ಸಂಕಟ ಆತು. ಹಳೇ ಹುಬ್ಬಳ್ಳ್ಯಾಗ ನಮ್ಮ ಮನಿಗೂ ಹಿಂಗ ಆಗಿತ್ತು. ನಮ್ಮವ್ವ ಎರಕೊಂಡು ಹಿತ್ತಲದಾಗ ಬಿಸಲಿಗೆ ಕೂದ್ಲ ಆರಿಸ್ಕೋತ ಕುಂದರತಿದ್ಲು, ಬಾಜೂದವ್ರ ಮಾಳಿಗಿ ಮ್ಯಾಲೆ ಆ ಕ್ಯಾಮೆರಾ ಕಂಡ ದಿನದಿಂದ ಹಿತ್ತಲಕ್ಕ ಬರೋದ ಬಿಟ್ಲು, ಒಳಗ ಫ್ಯಾನಿನ ಬುಡಕ ಕುಂದರಾಕತ್ಲು.

ಹೆಣ್ಣುಮಕ್ಕಳು ಬಚ್ಚಲದಾಗ ಜಳಕ ಮಾಡೋದು ಆ ಕ್ಯಾಮೆರಾದಾಗ ಕಾಣತಿದ್ರ (ಹಳೇ ಮನಿ ಬಚ್ಚಲಕ್ಕ ಅರ್ಧಾ ತಗಡಿನ ಬಾಗಲ ಇರತಾವ ನೋಡ್ರಿ) ಅದು ಸೀದಾ ಅಪರಾಧ. ಭಾರತೀಯ ನ್ಯಾಯ ಸಂಹಿತೆ 77ನೇ ಕಲಂ, ಮೊದಲ ಸಲಕ್ಕ 1 ವರ್ಷಕ್ಕ ಕಡಿಮಿ ಇಲ್ಲದಂಗ 3 ವರ್ಷದ ತನಕ ಶಿಕ್ಷಾ. ಠಾಣೆದಾಗ ಎಫ್‌ಐಆರ್ ತಗೊಳ್ಳಲಿಲ್ಲಂದ್ರ ಅದ ಕಂಪ್ಲೇಂಟ್ ಬರದು ಪೊಲೀಸ್ ಕಮಿಷನರ್ ಆಫೀಸಿಗೆ ಪೋಸ್ಟ್ ಮಾಡ್ರಿ, ರಸೀದಿ ಇಟ್ಕೋರಿ.

ಬರೇ ಅಂಗಳ, ಹಿತ್ತಲ ಕಾಣತೈತಿ ಅಂದ್ರ ಸಿವಿಲ್ ಕೋರ್ಟ್ ದಾರಿ. 2017ರಾಗ ಸುಪ್ರೀಂ ಕೋರ್ಟಿನ 9 ಜಡ್ಜ್‌ಗಳು ಪುಟ್ಟಸ್ವಾಮಿ ಕೇಸಿನ್ಯಾಗ ಖಾಸಗಿತನ ಮೂಲಭೂತ ಹಕ್ಕು ಅಂದ್ರು, ಅದು ಮುಖ್ಯವಾಗಿ ಸರ್ಕಾರಕ್ಕ ಹಾಕಿದ ಕಡಿವಾಣ ಖರೆ, ಆದ್ರ ಮಂದಿ ಮಂದಿ ನಡುವಿನ ಜಗಳಕ್ಕ ಅದಕ್ಕಿಂತ ಭಾಳ ಹಳೇದೊಂದು ಕಾಯ್ದೆ ಐತಿ, 1882ರ ಈಸ್‌ಮೆಂಟ್ ಕಾಯ್ದೆ (ಬಾಜೂದವ್ರ ಜಾಗಾದ ಮ್ಯಾಲೆ ನಮಗ ಇರೋ ಹಕ್ಕಿನ ಕಾಯ್ದೆ). ಅದರ 18ನೇ ಕಲಮಿನಾಗ ಉದಾಹರಣೀನ ಕೊಟ್ಟಾರ, ಊರಿನ ರೂಢಿ ಹಂಗಿದ್ರ ಬಾಜೂದವ್ರ ಮನಿಯೊಳಗ ಇಣಕೂ ಹಂಗ ಹೊಸಾ ಕಿಡಕಿ ಇಡಾಕ ಬರಂಗಿಲ್ಲಂತ. ಕಿಡಕಿಗೆ ಬರಲಾರದ್ದು ಕ್ಯಾಮೆರಾಕ್ಕ ಹೆಂಗ ಬರತೈತಿ ಅಂತ ನಮ್ಮ ವಕೀಲರು ವಾದ ಮಾಡಿದ್ರು. ಆದ್ರ ರೂಢಿ ಐತಿ ಅಂತ ತೋರಿಸೋದು ನಮ್ಮ ಕೆಲಸ, ಅದಕ್ಕ ಓಣಿಯ ಇಬ್ಬರು ಹಿರೇರು ಬಂದು ಹೇಳಿದ್ರು, ಹಿಂದಿನ ಕಾಲದಿಂದ ನಮ್ಮ ಓಣ್ಯಾಗ ಯಾರೂ ಯಾರ ಹಿತ್ತಲಕ್ಕೂ ಕಿಡಕಿ ಇಟ್ಟಿಲ್ಲಂತ. ಮೊದಲ ಸ್ಟೇ ಸಿಕ್ತು, ಆಮ್ಯಾಲೆ ಅವ್ರ ಕ್ಯಾಮೆರಾ ರಸ್ತೆ ಕಡೆ ತಿರುಗಿಸಿದ್ರು.

ಒಂದು ಮಾತು, ಸಿಟ್ಟಿನ್ಯಾಗ ಕ್ಯಾಮೆರಾ ಒಡಿಬ್ಯಾಡ್ರಿ, ಕೇಸ್ ನಿಮ್ಮ ಮ್ಯಾಲೇ ಬೀಳತೈತಿ. ಬಚ್ಚಲ ಬಾಗಲದಾಗ ನಿಂತು ಅದು ಎಲ್ಲಿಗೆ ನೋಡತೈತಿ ಅನ್ನೋದು ಕಾಣೂ ಹಂಗ ಹಗಲೊಂದು ರಾತ್ರಿಯೊಂದು ಫೋಟೋ ತಗೋರಿ. ಮತ್ತ ಡಿವಿಆರ್ (ಕ್ಯಾಮೆರಾದ ರೆಕಾರ್ಡಿಂಗ್ ಕೂಡಿಡೋ ಡಬ್ಬಿ) ಡಿಸ್ಕ್ ತುಂಬಿದ ಕೂಡ್ಲೆ ಹಳೇದರ ಮ್ಯಾಲೆ ಹೊಸಾದು ಬರಕೋತ ಹೋಗತೈತಿ, ತಡಾ ಮಾಡಿದ್ರ ಪುರಾವೆ ಅಳಿಸಿಹೋಗತೈತಿ, ಅದಕ್ಕ ರೆಕಾರ್ಡಿಂಗ್ ಜಪ್ತ್ ಮಾಡ್ರಿ ಅಂತ ಕಂಪ್ಲೇಂಟಿನ್ಯಾಗ ಬರೀರಿ, ಈ ವಾರದಾಗ ಕೊಟ್ಟುಬಿಡ್ರಿ.