ಅಮೆರಿಕದಲ್ಲಿ ಅಮ್ಮನನ್ನು ಡಾಕ್ಟರ್ ಹತ್ತಿರ ಕರೆದುಕೊಂಡು ಹೋದಾಗ ನಾನೇ ದುಭಾಷಿ ಆಗಬೇಕಾ?

ಅಮ್ಮ ಗ್ರೀನ್ ಕಾರ್ಡ್ ಮೇಲೆ ಬಂದಿದ್ದಾರೆ, ಇಂಗ್ಲಿಷ್ ಬರಲ್ಲ, ಡಾಕ್ಟರ್ ಹೇಳಿದ್ದನ್ನೆಲ್ಲ ಮಗನಾದ ನೀವೇ ಕನ್ನಡದಲ್ಲಿ ಹೇಳುತ್ತಿದ್ದೀರಿ, ಇದು ಸರಿನಾ ಅಂತ ಕೇಳಿದ್ದೀರಿ. ಬೇಡ ಅನ್ನೋದೇ ನನ್ನ ಉತ್ತರ. ಕನ್ನಡದ ದುಭಾಷಿ ಬೇಕು ಅಂತ ಆಸ್ಪತ್ರೆಯವರನ್ನೇ ಕೇಳಿ. ಅದಕ್ಕೆ ನೀವು ದುಡ್ಡು ಕೊಡಬೇಕಾಗಿಲ್ಲ.

ಇದೇನು ಅವರು ಮಾಡುವ ಉಪಕಾರ ಅಲ್ಲ. 1964ರ ನಾಗರಿಕ ಹಕ್ಕುಗಳ ಕಾಯ್ದೆ ಇದೆ, ಜೊತೆಗೆ 2010ರಲ್ಲಿ ಬಂದ, ಎಲ್ಲರೂ ಒಬಾಮಾಕೇರ್ ಅನ್ನುವ ಆರೋಗ್ಯ ಕಾನೂನಿನ ಸೆಕ್ಷನ್ 1557 ಇದೆ. ಮೆಡಿಕೇಡ್ (ಕಡಿಮೆ ಆದಾಯದವರಿಗೆ ಸರ್ಕಾರ ಕೊಡುವ ಆರೋಗ್ಯ ವಿಮೆ) ಥರದ ಫೆಡರಲ್ ಸರ್ಕಾರದ ಹಣ ಪಡೆಯುವ ಆಸ್ಪತ್ರೆಗಳು ಇಂಗ್ಲಿಷ್ ಬಾರದವರಿಗೆ ಪುಕ್ಕಟೆಯಾಗಿ ಭಾಷೆಯ ನೆರವು ಕೊಡಬೇಕು. ನಿಮ್ಮ ಕಡೆಯವರನ್ನೇ ಕರ್ಕೊಂಡು ಬನ್ನಿ ಅಂತ ಒತ್ತಾಯ ಮಾಡುವ ಹಾಗಿಲ್ಲ. ಹೆಚ್ಚಿನ ಕಡೆ ಫೋನಿನಲ್ಲೋ ವಿಡಿಯೋದಲ್ಲೋ ದುಭಾಷಿ ಸಿಗುತ್ತಾರೆ. ಅಪಾಯಿಂಟ್‌ಮೆಂಟ್ ತಗೊಳ್ಳುವಾಗಲೇ ‘ಕನ್ನಡ’ ಅಂತ ಸ್ಪಷ್ಟವಾಗಿ ಹೇಳಿ, ಫೈಲಿನಲ್ಲಿ ಬರೆಸಿ. ಸುಮ್ನೆ ಇಂಡಿಯಾದವರು ಅಂದರೆ ಹಿಂದಿಯವರನ್ನು ಲೈನಿಗೆ ತರುತ್ತಾರೆ, ನಮಗೆ ಹಾಗೇ ಆಯಿತು.

ಇಷ್ಟು ಒತ್ತಿ ಹೇಳುವುದಕ್ಕೆ ನಮ್ಮತ್ತೆ ಕಾರಣ. ಹಾಸನದ ಕಡೆಯವರು, ಬಿಪಿ ಇದೆ. ನನ್ನ ಗಂಡ ಪಕ್ಕದಲ್ಲಿ ಕೂತಿದ್ದಾಗೆಲ್ಲ ಡಾಕ್ಟರ್ ಏನು ಕೇಳಿದರೂ ‘ಚೆನ್ನಾಗಿದ್ದೀನಿ, ಮಾತ್ರೆ ತಗೋತಿದ್ದೀನಿ’ ಅಷ್ಟೇ. ಕನ್ನಡದ ದುಭಾಷಿ ಫೋನಿಗೆ ಬಂದ ದಿನ ಡಾಕ್ಟರ್ ನಮ್ಮಿಬ್ಬರನ್ನೂ ಹೊರಗೆ ಕೂರಲು ಹೇಳಿದರು. ಆಗ ಅತ್ತೆ ಬಾಯಿ ಬಿಟ್ಟಿದ್ದು: ಊರಿಂದ ತಂದ ಮಾತ್ರೆ ಬೇಗ ಮುಗಿದುಹೋದೀತು, ಇಲ್ಲಿ ಔಷಧಿ ದುಬಾರಿ, ಮಗನಿಗೆ ಯಾಕೆ ಖರ್ಚು ಅಂತ ದಿನ ಬಿಟ್ಟು ದಿನ ನುಂಗುತ್ತಿದ್ದರಂತೆ. ಬಿಪಿ ಯಾಕೆ ಹತೋಟಿಗೆ ಬರುತ್ತಿಲ್ಲ ಅಂತ ನಾವೆಲ್ಲ ಉಪ್ಪು ಕಡಿಮೆ ಮಾಡುತ್ತಾ ಕೂತಿದ್ದೆವು! ಮಗನ ಎದುರಿಗೆ ತಾಯಿ ಇಂಥದ್ದು ಹೇಳಲ್ಲ. ಮುಟ್ಟಿನ ವಿಷಯ, ಮೂತ್ರದ ತೊಂದರೆ, ಮನಸ್ಸಿಗೆ ಬೇಜಾರು ಇವನ್ನಂತೂ ಹೇಳೋದೇ ಇಲ್ಲ, ಅಲ್ವಾ?

ಮಾತ್ರೆಗಳ ಪಟ್ಟಿ ಮಾಡುವಾಗ ಬ್ರ್ಯಾಂಡ್ ಹೆಸರಿನ ಜೊತೆಗೆ ಒಳಗಿರುವ ಔಷಧಿಯ ಹೆಸರೂ ಬರೆಯಿರಿ. ಡೋಲೋ ಅಂದರೆ ಇಲ್ಲಿನ ಡಾಕ್ಟರಿಗೆ ಗೊತ್ತಾಗದೇ ಇರಬಹುದು. ಅದರಲ್ಲಿರುವ ಪ್ಯಾರಸಿಟಮಾಲ್ ಅನ್ನೇ ಇಲ್ಲಿ ಅಸಿಟಮಿನೊಫೆನ್ ಅಂತಾರೆ, ಟೈಲೆನಾಲ್‌ನಲ್ಲಿ ಇರುವುದೂ ಅದೇ. ಎರಡನ್ನೂ ಒಟ್ಟಿಗೆ ತಗೊಂಡರೆ ಡೋಸ್ ಜಾಸ್ತಿಯಾಗಿ ಲಿವರ್‌ಗೆ ಪೆಟ್ಟು ಬೀಳಬಹುದು. ಕಷಾಯ, ಚೂರ್ಣ ಏನಿದ್ದರೂ ಮುಚ್ಚಿಡದೆ ಹೇಳಲಿ.

ಇನ್ನೊಂದು ಮಾತು, ಇದು ನಿಮಗೂ ಸೇರಿ. ತೆಳ್ಳಗಿದ್ದೀರಿ, ಶುಗರ್ ಟೆಸ್ಟ್ ಬೇಡ ಅಂದರೆ ಒಪ್ಪಬೇಡಿ. ಶುಗರ್ ಟೆಸ್ಟ್ ಯಾರಿಗೆ ಬೇಕು ಅಂತ ನೋಡಲು ಅಮೆರಿಕನ್ ಡಯಾಬಿಟಿಸ್ ಅಸೋಸಿಯೇಷನ್ ಬೇರೆಯವರಿಗೆ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಲೆಕ್ಕ) ಮಿತಿ 25 ಅಂತ ಇಟ್ಟುಕೊಂಡರೂ ಏಷ್ಯಾ ಮೂಲದವರಿಗೆ 2015ರಲ್ಲೇ ಅದನ್ನು 23ಕ್ಕೆ ಇಳಿಸಿದೆ. 2018ರ ಕೊಲೆಸ್ಟ್ರಾಲ್ ಮಾರ್ಗಸೂಚಿಯಲ್ಲೂ ದಕ್ಷಿಣ ಏಷ್ಯಾ ಮೂಲ ಅನ್ನೋದು ಹೃದಯದ ಅಪಾಯ ಹೆಚ್ಚಿಸುವ ಅಂಶಗಳಲ್ಲಿ ಒಂದು. ಡಾಕ್ಟರಿಗೆ ಇದನ್ನು ನೆನಪಿಸಲು ಸಂಕೋಚ ಬೇಡ.

ದುಭಾಷಿ ಇಲ್ಲವೇ ಇಲ್ಲ ಅಂತ ಹಟ ಹಿಡಿದರೆ ಆಸ್ಪತ್ರೆಯಲ್ಲಿ ರೋಗಿಗಳ ದೂರು ಕೇಳುವ ‘ಪೇಷಂಟ್ ಅಡ್ವೊಕೇಟ್’ ಹತ್ತಿರ ಹೋಗಿ. ಅಲ್ಲೂ ಆಗದಿದ್ದರೆ ಫೆಡರಲ್ ಆರೋಗ್ಯ ಇಲಾಖೆಯ ‘ಆಫೀಸ್ ಫಾರ್ ಸಿವಿಲ್ ರೈಟ್ಸ್’ಗೆ ಆನ್‌ಲೈನ್‌ನಲ್ಲೇ ದೂರು ಕೊಡಬಹುದು.