ಗಮಕಗಳಿಗೆ ಮ್ಯಾಕ್ರೊ ಬರೆಯುವ ಬಗೆ

ಪ್ರಶ್ನೆ: ನಾನು ವೀಣೆ ಕಲಿಸುತ್ತೇನೆ. ಪಾಠಗಳ ಸ್ವರಲಿಪಿಯನ್ನು ಕಂಪ್ಯೂಟರಿನಲ್ಲಿ ಸರಳ ಪಠ್ಯವಾಗಿ ಕನ್ನಡದಲ್ಲೇ ಟೈಪ್ ಮಾಡಿ, ಚಿಕ್ಕದೊಂದು ಪ್ರೋಗ್ರಾಮಿನ ಮೂಲಕ ಅಚ್ಚಿಗೆ ಸಿದ್ಧಪಡಿಸುತ್ತೇನೆ. ಒಂದೊಂದು ಸ್ವರದ ಗಮಕಗಳಿಗೆ, ಅಂದರೆ ಸ್ಫುರಿತಕ್ಕೂ ಸ್ವರವನ್ನು ತೂಗಾಡಿಸುವ ಕಂಪಿತಕ್ಕೂ, ಬೇರೆ ಬೇರೆ ಮ್ಯಾಕ್ರೊ (ಚಿಕ್ಕ ಗುರುತನ್ನು ಪೂರ್ಣ ಸ್ವರಸಾಲಾಗಿ ಬಿಡಿಸುವ ನಿಯಮ) ಬರೆದಿದ್ದೇನೆ. ಮಾಯಾಮಾಳವಗೌಳದಲ್ಲಿ ಸರಿಯಾಗಿ ಬಂದದ್ದು ಮೋಹನದಲ್ಲಿ ತಪ್ಪುತ್ತದೆ. ರಾಗ ಬದಲಾದಂತೆಲ್ಲ ಮ್ಯಾಕ್ರೊಗಳ ಪಟ್ಟಿ ಬೆಳೆಯುತ್ತಲೇ ಇದೆ. ಇದಕ್ಕೆ ದಾರಿ ಏನು?
– ಓದುಗರೊಬ್ಬರು, ಮೈಸೂರು

ಉತ್ತರ: ನಿಮ್ಮ ಮ್ಯಾಕ್ರೊಗಳಲ್ಲಿ ಸ್ವರಗಳ ಹೆಸರು ನೇರವಾಗಿ ಸೇರಿಕೊಂಡಿರುವುದೇ ಈ ತೊಂದರೆಯ ಮೂಲ. ಸ್ಫುರಿತವೆಂದರೆ ಜಂಟಿ ಸ್ವರಗಳಲ್ಲಿ, ಅಂದರೆ ಒಂದೇ ಸ್ವರ ಎರಡು ಸಲ ಬರುವಲ್ಲಿ, ಎರಡನೆಯದನ್ನು ಕೆಳಗಿನ ಸ್ವರದಿಂದ ತಟ್ಟಿ ನುಡಿಸುವುದು; ಆದ್ದರಿಂದ ಮ್ಯಾಕ್ರೊ ಹೇಳಬೇಕಾದದ್ದು ‘ಈ ಸ್ವರ, ಇದರ ಕೆಳಗಿನ ಸ್ವರ, ಮತ್ತೆ ಈ ಸ್ವರ’ ಎಂಬ ಸಂಬಂಧವನ್ನೇ ಹೊರತು ‘ಪ, ಮ, ಪ’ ಎಂಬ ಸ್ವರಗಳನ್ನಲ್ಲ. ಐರಿಷ್ ಜನಪದ ಸಂಗೀತದಲ್ಲಿ ಬಹಳವಾಗಿ ಬಳಕೆಯಲ್ಲಿರುವ, ಸ್ವರಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಸರಳ ಪಠ್ಯವಾಗಿ ಟೈಪ್ ಮಾಡುವ ಎಬಿಸಿ ಸ್ವರಲಿಪಿಯ 2.1ನೇ ಆವೃತ್ತಿ, 2011ರದು, ಇದನ್ನು ಸೊಗಸಾಗಿ ಸಾಧಿಸಿದೆ. ಅಲ್ಲಿ ‘ಎನ್’ ಎಂಬ ಅಕ್ಷರ ಅಲಂಕಾರ ಬೀಳುವ ಸ್ವರವನ್ನೂ, ವರ್ಣಮಾಲೆಯಲ್ಲಿ ಅದರ ಹಿಂದಿನ ‘ಎಮ್’ ಒಂದು ಮೆಟ್ಟಿಲು ಕೆಳಗಿನ ಸ್ವರವನ್ನೂ, ಮುಂದಿನ ‘ಓ’ ಒಂದು ಮೆಟ್ಟಿಲು ಮೇಲಿನ ಸ್ವರವನ್ನೂ ಸೂಚಿಸುವುದರಿಂದ, ಒಂದೇ ಸಾಲಿನ ಮ್ಯಾಕ್ರೊ ಎಲ್ಲ ಸ್ವರಗಳಿಗೂ ಸಲ್ಲುತ್ತದೆ.

ಆದರೆ ಅದನ್ನು ಹಾಗೆಯೇ ತಂದುಕೊಂಡರೆ ನಮಗೆ ಸಾಲದು, ಏಕೆಂದರೆ ಅಲ್ಲಿನ ಮೆಟ್ಟಿಲು ಏಳು ಸ್ವರಗಳ ಮೆಟ್ಟಿಲು. ಮೋಹನದಲ್ಲಿ ಮಧ್ಯಮವಿಲ್ಲ, ‘ಗ*ಗ ಪ*ಪ’ ಎಂದು ಬರೆದು, ನಕ್ಷತ್ರವನ್ನು ಸ್ಫುರಿತದ ಗುರುತೆಂದು ಇಟ್ಟುಕೊಂಡರೆ, ಏಳು ಸ್ವರಗಳನ್ನೇ ಎಣಿಸುವ ಮ್ಯಾಕ್ರೊ ಪಂಚಮದ ಕೆಳಗೆ ರಾಗದಲ್ಲೇ ಇಲ್ಲದ ‘ಮ’ವನ್ನು ಅಚ್ಚಿಸುತ್ತದೆ. ಆದ್ದರಿಂದ ಕಡತದ ಮೊದಲ ಸಾಲಿನಲ್ಲಿಯೇ ರಾಗದ ಸ್ವರಗಳನ್ನು ಘೋಷಿಸಿ, ‘ಕೆಳಗಿನದು’, ‘ಮೇಲಿನದು’ ಎಂಬುದನ್ನು ಆ ಪಟ್ಟಿಯಿಂದಲೇ ಹುಡುಕುವಂತೆ ಮಾಡಿ. ಆಗ ಸ್ಫುರಿತಕ್ಕೆ ಒಂದೇ ಮ್ಯಾಕ್ರೊ ಸಾಕು. ರಾಗದ ಸಾಲಿನಲ್ಲಿ ರಿಷಭ ಶುದ್ಧವೋ (ತಗ್ಗಿನದೋ) ಚತುಶ್ರುತಿಯೋ (ಅದಕ್ಕಿಂತ ಎತ್ತರದ್ದೋ) ಎಂಬುದನ್ನೂ ಬರೆದಿಟ್ಟರೆ, ತೋಡಿಗೂ ಖರಹರಪ್ರಿಯಕ್ಕೂ ಒಂದೇ ಆದ ಸಾಧಾರಣ ಗಾಂಧಾರದ ಕೆಳಗೆ ಆಯಾ ರಾಗದ ರಿಷಭವೇ ಸಿಗುತ್ತದೆ.

ಕನ್ನಡದಂಥ ಲಿಪಿಗಳಲ್ಲಿ ಟೈಪ್ ಮಾಡುವವರಿಗೆ ಎದುರಾಗುವ ತೊಡಕೊಂದನ್ನು ಇಲ್ಲಿ ವಿವರವಾಗಿ ಹೇಳಬೇಕು. ನಮ್ಮ ಕಣ್ಣಿಗೆ ‘ರಿ’ ಒಂದೇ ಅಕ್ಷರವಾದರೂ ಯೂನಿಕೋಡಿನಲ್ಲಿ ಅದು ರಕಾರ ಮತ್ತು ಗುಡಿಸು ಎಂಬ ಎರಡು ಸಂಕೇತಗಳು, ‘ನಿ’ಯೂ ಹಾಗೆಯೇ. ‘ನಕ್ಷತ್ರದ ಮುಂದಿನ ಒಂದು ಅಕ್ಷರ’ ಎಂದು ನಿಯಮ ಬರೆದರೆ ಪ್ರೋಗ್ರಾಮು ರಕಾರವನ್ನಷ್ಟೇ ಎತ್ತಿಕೊಳ್ಳುತ್ತದೆ, ಗುಡಿಸು ಬೇರೆಲ್ಲೋ ಹೋಗಿ ಅಂಟಿಕೊಳ್ಳುತ್ತದೆ. ಗಾಂಧಾರ, ಪಂಚಮಗಳಲ್ಲಿ ಪರೀಕ್ಷಿಸಿದಾಗ ಈ ತಪ್ಪು ಕಾಣಿಸುವುದೇ ಇಲ್ಲ. ಆದ್ದರಿಂದ ಸ, ರಿ, ಗ, ಮ, ಪ, ದ, ನಿ ಎಂಬ ಏಳನ್ನೂ ಒಡೆಯಲಾಗದ ಘಟಕಗಳೆಂದು ಪಟ್ಟಿಮಾಡಿ, ಮೊದಲು ರಿಷಭ, ನಿಷಾದಗಳಲ್ಲಿಯೇ ಪರೀಕ್ಷಿಸಿ.

ಗುರುತುಗಳ ಆಯ್ಕೆಯಲ್ಲಿ ಹೊಸತನ ಬೇಡ ಎಂಬುದು ನನ್ನ ಅಭಿಪ್ರಾಯ. ಸಂಗೀತಶಾಸ್ತ್ರಜ್ಞ ಸುಬ್ಬರಾಮ ದೀಕ್ಷಿತರು 1904ರಲ್ಲಿ ಪ್ರಕಟವಾದ ‘ಸಂಗೀತ ಸಂಪ್ರದಾಯ ಪ್ರದರ್ಶಿನಿ’ಯಲ್ಲಿ ಕಂಪಿತಕ್ಕೆ ಅಲೆಗೆರೆಯನ್ನೂ, ಏರುವ ಮತ್ತು ಇಳಿಯುವ ಜಾರುಗಳಿಗೆ ಓರೆಗೆರೆಗಳನ್ನೂ ಬಳಸಿದ್ದಾರೆ, ಇವು ಈಗಿನ ಕೀಲಿಮಣೆಯಲ್ಲಿಯೂ ಇವೆ. ಅವರ ಸ್ಫುರಿತದ ಮೂರು ಚುಕ್ಕೆಗಳು ಕೀಲಿಮಣೆಯಲ್ಲಿಲ್ಲ, ಬಿಡಿ ಚುಕ್ಕೆಯಾದರೋ ಸ್ಥಾಯಿಗೆ ಮೀಸಲು. ಆದ್ದರಿಂದಲೇ ನಕ್ಷತ್ರವನ್ನು ಸೂಚಿಸಿದೆ. ಅಲ್ಪವಿರಾಮ, ಅರ್ಧವಿರಾಮಗಳು ಕಾಲಪ್ರಮಾಣಕ್ಕೆ, ನೆಟ್ಟಗೆರೆ ತಾಳಕ್ಕೆ ಸಲ್ಲುವುದರಿಂದ ಅವನ್ನು ಮುಟ್ಟಬೇಡಿ.

ಕಂಪಿತವನ್ನು ಮಾತ್ರ ಬಿಡಿಸಿ ಬರೆಯಲು ಹೋಗಬೇಡಿ. ತೋಡಿಯ ಗಾಂಧಾರ ರಿಷಭ ಮತ್ತು ಮಧ್ಯಮಗಳ ನಡುವೆ ತೂಗುತ್ತದೆ ಎಂದು ಮ್ಯಾಕ್ರೊ ಬರೆಯಬಹುದು. ಆದರೆ ‘ರಿಮರಿಮ’ ಎಂದು ಅಚ್ಚಾದುದನ್ನು ವಿದ್ಯಾರ್ಥಿ ನಾಲ್ಕು ಬಿಡಿ ಸ್ವರಗಳಂತೆ ನಾಲ್ಕು ಮೀಟು ಹಾಕಿ ನುಡಿಸಿದರೆ ಅದು ತೋಡಿಯಾಗುವುದಿಲ್ಲ. ಅಲ್ಲಿ ಅಲೆಗೆರೆಯಷ್ಟನ್ನೇ ಅಚ್ಚಿಸಿ, ಉಳಿದದ್ದನ್ನು ತಂತಿ ಎಳೆದು ತೋರಿಸಿ.

ಸ್ಫುರಿತವನ್ನು ಬಿಡಿಸಿ ಅಚ್ಚಿಸುವಾಗ ಅನುಸ್ವರಗಳ (ಗಮಕದೊಳಗಿನ ಕಿರುಸ್ವರಗಳ) ಕಾಲದ ಮೊತ್ತ ಮೂಲ ಸ್ವರದ ಕಾಲಕ್ಕೆ ಸಮನಾಗಿರಬೇಕು. ಎಂಟು ಎಣಿಕೆಗಳ ಆದಿತಾಳದಲ್ಲಿ, ಎಣಿಕೆಗೆ ನಾಲ್ಕು ಅಕ್ಷರಗಳ ನಡೆಯಾದರೆ, ಒಂದು ಆವರ್ತಕ್ಕೆ 32 ಅಕ್ಷರಗಳಿಲ್ಲದ ಸಾಲನ್ನು ಪ್ರೋಗ್ರಾಮು ಅಚ್ಚಿಗೆ ಬಿಡದಂತೆ ಒಂದು ಎಣಿಕೆಯನ್ನೂ ಸೇರಿಸಿಕೊಳ್ಳಿ.